ತವರಿನಲ್ಲಿ ಕಂಡ ಹೊಡೆತ ಮದುವೆಯಾದ ಮೇಲೆ ಎಲ್ಲಿಗೆ ಹೋಗುತ್ತದೆ?

ಸಂಜೆಮಲ್ಲಿಗೆ:
ಬಹಳ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿದೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಹೊಡೆತ ಬಡಿತ ನೋಡಿ, ತಾವೂ ತಿಂದು ಬೆಳೆದ ಹೆಣ್ಣುಮಕ್ಕಳ ಸಂಸಾರ ಮುಂದೆ ಹೇಗಿರುತ್ತದೆ? ಗೊತ್ತಿರುವವರು, ಅನುಭವ ಇರುವವರು ದಯವಿಟ್ಟು ಬರೆಯಿರಿ.

ನಮ್ಮಪ್ಪ ಅಮ್ಮನಿಗೆ ಹೊಡೆಯುತ್ತಿದ್ದರು. ನನಗೂ ಅಕ್ಕನಿಗೂ ಬೀಳುತ್ತಿತ್ತು. ಕುಡಿತ ಇರಲಿಲ್ಲ, ಊರಲ್ಲಿ ಒಳ್ಳೆಯ ಹೆಸರು. ಸಂಜೆ ಅವರು ಬೈಕನ್ನು ಸ್ಟ್ಯಾಂಡಿಗೆ ಹಾಕುವ ಸದ್ದಿನಲ್ಲೇ ಅವತ್ತಿನ ರಾತ್ರಿ ಹೇಗಿರುತ್ತದೆ ಅಂತ ನಮಗೆ ಗೊತ್ತಾಗುತ್ತಿತ್ತು.

ನನ್ನ ಗಂಡ ಸಾಧು ಮನುಷ್ಯ. ಇದುವರೆಗೆ ಕೈ ಎತ್ತಿಲ್ಲ. ಆದರೂ ಅವರು ಬೀರುವಿನ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರೆ ಸಾಕು, ಪಾತ್ರೆ ತೊಳೆಯುತ್ತಿದ್ದ ನನ್ನ ಕೈ ನಿಂತುಹೋಗುತ್ತದೆ. ನಲ್ಲಿ ಸುರಿಯುತ್ತಲೇ ಇರುತ್ತದೆ. "ಏನಾಯ್ತು?" ಅಂತ ಕೇಳುತ್ತಾರೆ. "ಏನಿಲ್ಲ" ಅನ್ನುತ್ತೇನೆ. ದುಡ್ಡಿನ ವಿಷಯಕ್ಕೆ ಮಾತು ಬೆಳೆದರೆ ತಕ್ಷಣ ಒಪ್ಪಿಬಿಡುತ್ತೇನೆ, ಮಾತು ಮುಗಿದರೆ ಸಾಕು ಅಂತ. ಅದು ಅವರಿಗೂ ಅರ್ಥವಾಗಿದೆ. "ನಾನೇನು ರಾಕ್ಷಸನಾ?" ಅಂತ ಒಮ್ಮೆ ಕೇಳಿಯೂ ಬಿಟ್ಟರು.

ಅಕ್ಕನ ಕಥೆ ಬೇರೆ. ಭಾವ ಹೊಡೆಯುತ್ತಾರೆ. ಕೇಳಿದರೆ ಅಕ್ಕ ಹೇಳುವುದು ಒಂದೇ ಮಾತು: "ಅಪ್ಪನಷ್ಟು ಇಲ್ಲ ಬಿಡೇ."

ಒಂದೇ ಮನೆಯಲ್ಲಿ ಬೆಳೆದ ನಾವಿಬ್ಬರೂ ಹೀಗೇಕಾದೆವು?

ಹಂಚಿನಮನೆ:
"ಅಪ್ಪನಷ್ಟು ಇಲ್ಲ ಬಿಡೇ." ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಚಿಕ್ಕಮ್ಮನೂ ಇದೇ ಮಾತನ್ನು ಬೇರೆ ರೀತಿ ಹೇಳುತ್ತಿದ್ದರು: "ನಮ್ಮಪ್ಪ ಬಾರುಕೋಲು ತಗೋತಿದ್ದ, ಇವರು ಬರೀ ಕೈಯಲ್ಲೇ." ನಿಮ್ಮಕ್ಕನಿಗೆ ಹೊಡೆತವನ್ನು ಅಳೆಯಲು ಇರುವ ಅಳತೆಗೋಲೇ ನಿಮ್ಮಪ್ಪ. ಆ ಅಳತೆಯಲ್ಲಿ ನೋಡಿದರೆ ಭಾವ ಒಳ್ಳೆಯವರಾಗಿ ಕಾಣುತ್ತಾರೆ. ಅವರಿಗೆ ಸಿಟ್ಟು ಬರದೇ ಇರುವುದು ನನಗೆ ಆಶ್ಚರ್ಯವೇ ಅಲ್ಲ.

ಇಂಥವರು ಒಬ್ಬಿಬ್ಬರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡ ಹೆಂಡತಿಗೆ ಹೊಡೆಯುವುದು ಯಾವ ಸಂದರ್ಭದಲ್ಲಿ ಸರಿ ಅಂತ ಕೇಳಿದ್ದರು. ಅಡುಗೆ ಸರಿ ಮಾಡದಿದ್ದರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೇಳದೆ ಹೊರಗೆ ಹೋದರೆ, ಹೀಗೆ ಏಳು ಕಾರಣ. ಒಂದಾದರೂ ಕಾರಣಕ್ಕೆ ಸರಿ ಅಂದವರು ನಮ್ಮ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ 77. ಗಂಡಸರಲ್ಲಿ ಶೇ 82ರ ಹತ್ತಿರ. ಈ ಹೆಂಗಸರೆಲ್ಲ ಇದನ್ನು ಎಲ್ಲಿ ಕಲಿತರು? ಅವರವರ ಮನೆಯ ಹಜಾರದಲ್ಲೇ ಅಲ್ವಾ?

ಕೌದಿ:
ನಾನು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಕುಟುಂಬ ಸಮಾಲೋಚನೆ ಕೆಲಸ ಮಾಡುತ್ತೇನೆ. ಸಂಜೆಮಲ್ಲಿಗೆ ಅವರೇ, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕ್ಷಮೆ ಇರಲಿ.

ಹಂಚಿನಮನೆ ಹೇಳಿದ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇದೆ: "ನಿಮ್ಮ ಅಪ್ಪ ನಿಮ್ಮ ಅಮ್ಮನಿಗೆ ಯಾವತ್ತಾದರೂ ಹೊಡೆದಿದ್ದರಾ?" ಹೌದು ಅಂದ ಹೆಂಗಸರಲ್ಲಿ ಗಂಡನಿಂದ ಹೊಡೆತ ತಿಂದವರು, ಇಲ್ಲ ಅಂದವರಿಗಿಂತ ಸುಮಾರು ಎರಡು ಪಟ್ಟು. ಇದು ಒಂದು ಸುತ್ತಿನ ಸಮೀಕ್ಷೆಯ ಕಥೆಯಲ್ಲ, ಮತ್ತೆ ಮತ್ತೆ ಕಂಡದ್ದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಫೆಲಿಟಿ ಮತ್ತು ಆಂಡಾ ಅನ್ನುವ ವೈದ್ಯರು ಬಾಲ್ಯದ ಕಹಿ ಅನುಭವಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಅದೇ ಅಧ್ಯಯನದ ಮಾಹಿತಿಯನ್ನು 2003ರಲ್ಲಿ ಮತ್ತೆ ಜಾಲಾಡಿದಾಗ, ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಅಮ್ಮನ ಮೇಲೆ ಹಲ್ಲೆ, ಈ ಮೂರನ್ನೂ ಕಂಡ ಹೆಂಗಸರಿಗೆ ಸಂಗಾತಿಯಿಂದ ಹಿಂಸೆಯಾಗುವ ಅಪಾಯ ಮೂರೂವರೆ ಪಟ್ಟು ಅಂತ ಕಂಡಿತು. ಇದೇ ಮೂರನ್ನು ಕಂಡ ಗಂಡಸರು ದೊಡ್ಡವರಾಗಿ ಕೈ ಎತ್ತುವ ಅಪಾಯವೂ ಹೆಚ್ಚುಕಡಿಮೆ ಅಷ್ಟೇ ಏರಿತ್ತು.

ಆದರೆ ಅಲ್ಲಿಯ ವಿವರಣೆಯನ್ನು ಇಲ್ಲಿಗೆ ಹಾಗೇ ತರಬಾರದು ಅಂತ ನನ್ನ ಅಭಿಪ್ರಾಯ. ಅಲ್ಲಿ "ಹೊಡೆತ ಕಂಡ ಹುಡುಗಿ ಹೊಡೆಯುವವನನ್ನೇ ಆರಿಸಿಕೊಳ್ಳುತ್ತಾಳೆ" ಅನ್ನುವ ಮಾತಿದೆ. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳು ಆರಿಸುವುದೆಲ್ಲಿ ಬಂತು? ಹುಡುಗನನ್ನು ಆರಿಸುವುದು ಅದೇ ಅಪ್ಪ. ವಿಚಾರಿಸಿಕೊಂಡು ಬರುವುದು ಅದೇ ದೊಡ್ಡಪ್ಪ. "ಹುಡುಗ ಸ್ವಲ್ಪ ಮುಂಗೋಪಿ" ಅಂತ ಯಾರಾದರೂ ಹೇಳಿದರೆ ಆ ಮನೆಯಲ್ಲಿ ಅದು ಕೆಡುಕಿನ ಲೆಕ್ಕಕ್ಕೇ ಬರುವುದಿಲ್ಲ. ಗಂಡಸು ಅಂದ ಮೇಲೆ ಸಿಟ್ಟು ಇರುತ್ತದೆ ಅಂತ ಮುಂದೆ ಹೋಗುತ್ತಾರೆ.

ಇನ್ನು ಮದುವೆಯಾದ ಮೇಲಿನ ಮಾತು. ಹೆಣ್ಣುಮಗಳಿಗೆ ಗಂಡನ ಮನೆಯಲ್ಲಿ ಇರುವ ದೊಡ್ಡ ಬಲ ತವರು. ಅಣ್ಣ ಬಂದು ಕೇಳುತ್ತಾನೆ, ಅಪ್ಪ ಬಂದು ಕೂತು ಮಾತಾಡುತ್ತಾನೆ ಅನ್ನುವ ಹೆದರಿಕೆ ಎಷ್ಟೋ ಗಂಡಸರ ಕೈ ತಡೆಯುತ್ತದೆ. ಚಿಕ್ಕಂದಿನಲ್ಲಿ ಹೊಡೆದ ತವರಿಗೆ ಆ ಬಾಯಿ ಇರುವುದಿಲ್ಲ. ನನ್ನ ಮುಂದೆ ಕೂತ ಒಬ್ಬ ಹುಡುಗಿ ಕಿವಿ ತಮಟೆಗೆ ಪೆಟ್ಟು ಬಿದ್ದ ಮೇಲೆ ತವರಿಗೆ ಹೋಗಿದ್ದಳು. ಅಣ್ಣ ಊಟ ಹಾಕಿಸಿ, ಮರುದಿನ ತಾನೇ ಬಸ್ಸು ಹತ್ತಿಸಿ ಕಳಿಸಿದ. "ಅಪ್ಪ ಹೊಡೀಲಿಲ್ಲೇನು, ಅವ್ವ ಸಂಸಾರ ಮಾಡ್ಲಿಲ್ಲೇನು?" ಅಂದನಂತೆ. ಗಂಡನಿಗೆ ಇದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಇವಳ ಹಿಂದೆ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಹೊಡೆತ ಜಾಸ್ತಿಯಾಯಿತು.

ಸಂಜೆಮಲ್ಲಿಗೆ, ನೀವೂ ಅಕ್ಕನೂ ಬೆಳೆದದ್ದು ಒಂದೇ ಮನೆ. ಭಯವೂ ಒಂದೇ. ನಿಮಗೆ ಸಿಕ್ಕ ಗಂಡ ಆ ಭಯವನ್ನು ಬಳಸಿಕೊಳ್ಳಲಿಲ್ಲ. ಅಕ್ಕನಿಗೆ ಸಿಕ್ಕವನು ಬಳಸಿಕೊಂಡ. ವ್ಯತ್ಯಾಸವನ್ನು ಅಕ್ಕನ ಸ್ವಭಾವದಲ್ಲಿ ಹುಡುಕಬೇಡಿ. ಎರಡು ಪಟ್ಟು ಅಪಾಯ ಅಂದರೆ ಹಣೆಬರಹವೂ ಅಲ್ಲ. ಹೊಡೆತದ ಮನೆಯಿಂದ ಬಂದು ನೆಮ್ಮದಿಯಾಗಿ ಸಂಸಾರ ಮಾಡುತ್ತಿರುವವರು ಬೇಕಾದಷ್ಟು ಜನ ಇದ್ದಾರೆ.

ಬೀರುವಿನ ಬಾಗಿಲ ಬಗ್ಗೆ ಒಂದು ಮಾತು. ಹೊಡೆಯುವವರ ಎದುರು ಮಗು ತಿರುಗಿ ನಿಲ್ಲಲಾಗದು, ಓಡಿಹೋಗಲಾಗದು. ಆಗ ಮೈ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತದೆ. ಅದು ಜೀವ ಉಳಿಸಿಕೊಳ್ಳಲು ಮೈ ತಾನಾಗಿ ಮಾಡುವ ಕೆಲಸ. ದೊಡ್ಡವರಾದ ಮೇಲೂ ಅಂಥದ್ದೇ ಸದ್ದು ಕೇಳಿದರೆ, ಯೋಚನೆ ಬರುವ ಮೊದಲೇ ಮೈ ಅದನ್ನೇ ಮಾಡುತ್ತದೆ. ನಿಮ್ಮ ಗಂಡನ ಮೇಲೆ ನಿಮಗೆ ನಂಬಿಕೆ ಇಲ್ಲ ಅಂತ ಇದರ ಅರ್ಥ ಅಲ್ಲ. ಅವರಿಗೂ ಇದನ್ನು ಹೇಳಿ.

ರಾಗಿಹೊಲ:
ಎಲ್ಲವನ್ನೂ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನಿಸಿದ್ದನ್ನು ಹೇಳುತ್ತೇನೆ. ನಮ್ಮ ಕಾಲದಲ್ಲಿ ಹೊಡೆಸಿಕೊಳ್ಳದ ಮಕ್ಕಳೇ ಇರಲಿಲ್ಲ. ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮೇಷ್ಟ್ರು. ಬರೆ ಹಾಕಿಸಿಕೊಂಡವರೂ ಇದ್ದರು. ನಾವೆಲ್ಲ ಸಂಸಾರ ಮಾಡಲಿಲ್ವಾ? ಎಲ್ಲದಕ್ಕೂ ಚಿಕ್ಕಂದಿನ ಹೊಡೆತವೇ ಕಾರಣ ಅಂದರೆ ಈಗ ಹೊಡೆಯುವ ಗಂಡಸಿಗೂ ಒಂದು ನೆಪ ಸಿಕ್ಕ ಹಾಗಲ್ವಾ? "ನಮ್ಮಪ್ಪ ಹೊಡೀತಿದ್ದ, ಅದಕ್ಕೇ ನಾನೂ" ಅಂತಾನೆ. ಇನ್ನೊಂದು, ನಿಜವಾದ ಕಾರಣ ಕುಡಿತ. ಅದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೀರಿ.

ಬಿಸಿಲೂರು ಟೀಚರ್:
ರಾಗಿಹೊಲ ಅವರೇ, ನೆಪದ ಬಗ್ಗೆ ನೀವು ಹೇಳಿದ್ದು ನನಗೂ ಒಪ್ಪಿಗೆ. ಅಪ್ಪ ಹೊಡೆಯುವುದನ್ನು ನೋಡಿ "ನಾನು ಯಾವತ್ತೂ ಹೀಗೆ ಮಾಡಲ್ಲ" ಅಂತ ಶಪಥ ಮಾಡಿದ ಗಂಡುಮಕ್ಕಳೂ ಇದ್ದಾರೆ. ಹೊಡೆಯುವವನು ಆಫೀಸಿನಲ್ಲಿ ಸಾಹೇಬರಿಗೆ ಹೊಡೆಯುವುದಿಲ್ಲ. ಮನೆಗೆ ಬಂದು ಹೊಡೆಯುತ್ತಾನೆ. ಹಾಗಾಗಿ ಹೊಣೆ ಅವನದೇ.

ಕುಡಿತದ ಮಾತೂ ನಿಜ. ಗಂಡ ಆಗಾಗ ಕುಡಿದು ಮತ್ತನಾಗುವ ಮನೆಗಳಲ್ಲಿ ಶೇ 70 ಹೆಂಗಸರು ಹಿಂಸೆ ಕಂಡಿದ್ದಾರೆ ಅಂತ ಅದೇ 2019-21ರ ಸಮೀಕ್ಷೆ ಹೇಳುತ್ತದೆ. ಆದರೆ ಕುಡಿಯದ ಗಂಡಂದಿರ ಮನೆಯಲ್ಲೂ ಅದು ಶೇ 23. ಸಂಜೆಮಲ್ಲಿಗೆಯ ಅಪ್ಪ ಕುಡಿಯುತ್ತಿರಲಿಲ್ಲ ಅಂತ ಮೊದಲೇ ಬರೆದಿದ್ದಾರೆ. ಅದನ್ನು ನೀವು ಓದಿದ್ದೀರಿ ಅಂದುಕೊಳ್ಳುತ್ತೇನೆ.

"ನಾವೆಲ್ಲ ಸಂಸಾರ ಮಾಡಲಿಲ್ವಾ" ಅನ್ನುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಆ ಸಂಸಾರ ಹೇಗಿತ್ತು ಅಂತ ನಿಮ್ಮ ಮನೆಯ ಹೆಂಗಸರನ್ನು ಒಮ್ಮೆ ಕೇಳಿ ನೋಡಿ. ನಾನು ಕಲಬುರಗಿ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿ ಮದುವೆಗೆ ಒಪ್ಪಿದಳು ಅಂತ ಗೊತ್ತಾದಾಗ ಮೊದಲೆಲ್ಲ ನಮಗೆ ಸೀರೆ, ಬಂಗಾರದ ಆಸೆ ಅನ್ನಿಸುತ್ತಿತ್ತು. ಕೂರಿಸಿಕೊಂಡು ಮಾತಾಡಿಸಿದರೆ ಬೇರೆಯೇ ಹೊರಗೆ ಬರುತ್ತದೆ. "ಮನ್ಯಾಗ ಇರೋದಕ್ಕಿಂತ ಅದ ಬೇಸಿ ಟೀಚರ್" ಅಂದಳು ಒಬ್ಬಳು. ಹೊಡೆತದಿಂದ ತಪ್ಪಿಸಿಕೊಳ್ಳಲು ಅವಳಿಗೆ ಕಂಡ ಒಂದೇ ಬಾಗಿಲು ಮದುವೆ. ಅವಸರದಲ್ಲಿ ಹೊರಗೆ ಬಿದ್ದವಳಿಗೆ ಓದಿಲ್ಲ, ದುಡಿಮೆ ಇಲ್ಲ, ವಯಸ್ಸೂ ಇಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಡತನ, ವರದಕ್ಷಿಣೆ ಎಲ್ಲ ಕಾರಣಗಳ ಜೊತೆ ಇದನ್ನೂ ಸೇರಿಸಿ.

ಶಾಲೆಯ ಹೊಡೆತದ ಬಗ್ಗೆ ಹೇಳಿದ್ದಕ್ಕೆ ಒಂದೇ ಸಾಲು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ಬೆತ್ತ ಇಲ್ಲದೆಯೂ ಮಕ್ಕಳು ಗಣಿತ ಕಲಿಯುತ್ತಾರೆ, ನಾನು ಕಲಿಸುತ್ತಿದ್ದೇನೆ.

ಹೆಸರು ಬೇಡ:
ಇಲ್ಲಿ ಎಲ್ಲರೂ ಹೊಡೆತದ ಬಗ್ಗೆ ಬರೆಯುತ್ತಿದ್ದೀರಿ. ನನ್ನದು ಬೇರೆ. ಇದಕ್ಕೆಂದೇ ಹೊಸ ಖಾತೆ ಮಾಡಿ ಬರೆಯುತ್ತಿದ್ದೇನೆ.

ನನಗೆ ಚಿಕ್ಕಂದಿನಲ್ಲಿ ಹತ್ತಿರದ ಸಂಬಂಧಿಯಿಂದ ಆಗಬಾರದ್ದು ಆಗಿತ್ತು. ಅಮ್ಮನಿಗೆ ಹೇಳಿದೆ. "ಯಾರಿಗೂ ಹೇಳ್ಬೇಡ, ನಾಳೆ ಮದುವೆ ಆಗ್ಬೇಕಾದವಳು" ಅಂದರು. ನನ್ನ ಮದುವೆಯಲ್ಲಿ ಆ ಮನುಷ್ಯ ಮೊದಲ ಸಾಲಿನಲ್ಲಿ ಕೂತಿದ್ದ. ಅಕ್ಷತೆ ಹಾಕಿದ. ನಾನೂ ನನ್ನ ಗಂಡನೂ ಅವನ ಕಾಲಿಗೆ ನಮಸ್ಕಾರ ಮಾಡಿದೆವು.

ಮದುವೆಯಾದ ಮೇಲೆ ಗಂಡ ಹತ್ತಿರ ಬಂದರೆ ನನ್ನ ಮೈ ಕಲ್ಲಾಗುತ್ತಿತ್ತು. ಪ್ರೀತಿ ಇಲ್ಲ ಅಂತಲ್ಲ. ನೋವು ತಡೆಯಲಾಗುತ್ತಿರಲಿಲ್ಲ. ಅತ್ತೆ ಮನೆಯಲ್ಲಿ "ಇನ್ನೂ ಏನೂ ಇಲ್ವಾ?" ಅಂತ ಶುರುವಾಯಿತು. ಹರಕೆ, ದೇವಸ್ಥಾನ, ನಾಟಿ ಔಷಧಿ ಎಲ್ಲ ಆಯಿತು. ಮೊದಲು ನೋಡಿದ ಡಾಕ್ಟರು "ರಿಲ್ಯಾಕ್ಸ್ ಆಗಿರಮ್ಮ" ಅಂದು ಕಳಿಸಿದರು. ಎರಡನೆಯವರು ಬಾಗಿಲು ಹಾಕಿ, ಗಂಡನನ್ನು ಹೊರಗೆ ಕೂರಿಸಿ, ಮೆಲ್ಲಗೆ ಕೇಳಿದರು: "ಚಿಕ್ಕವಳಿದ್ದಾಗ ಏನಾದರೂ ಆಗಿತ್ತಾ?" ಅಮ್ಮನ ನಂತರ ನಾನು ಬಾಯಿ ಬಿಟ್ಟದ್ದು ಅವರ ಹತ್ತಿರವೇ. ಇದಕ್ಕೆ ವ್ಯಾಜಿನಿಸ್ಮಸ್ ಅಂತ ಹೆಸರಿದೆ, ಎಲ್ಲರಿಗೂ ಇದೇ ಕಾರಣಕ್ಕೆ ಬರುವುದಿಲ್ಲ, ಚಿಕಿತ್ಸೆ ಇದೆ ಅಂತ ಅವತ್ತು ತಿಳಿಯಿತು. ಸಮಾಲೋಚನೆ, ವ್ಯಾಯಾಮ, ನಿಧಾನ. ನನಗೆ ವಾಸಿಯಾಗಿದೆ.

ಗಂಡನಿಗೆ ಹೇಳಿದ್ದು ಅದಾದ ಮೇಲೆ. ಅವರಿಗೆ ಸಿಟ್ಟು ಬಂದದ್ದು ನನ್ನ ಮೇಲಲ್ಲ, ಆ ನಮಸ್ಕಾರದ ಮೇಲೆ. ಈಗ ಆ ಮನುಷ್ಯ ಬರುವ ಯಾವ ಸಮಾರಂಭಕ್ಕೂ ನಾವು ಹೋಗುವುದಿಲ್ಲ. ಅಮ್ಮ ಇನ್ನೂ "ಜನ ಏನಂತಾರೆ" ಅನ್ನುತ್ತಾರೆ. ನಾವು ಹೋಗುವುದಿಲ್ಲ, ಅಷ್ಟೇ.

ಹಂಚಿನಮನೆ:
ಹೆಸರು ಬೇಡ ಅವರೇ, ನೀವು ಬರೆದದ್ದಕ್ಕೆ ದೊಡ್ಡ ನಮಸ್ಕಾರ. ಇದನ್ನು ಓದುತ್ತಿರುವ ಎಷ್ಟು ಜನ ಅದೇ ಹೊತ್ತಿನಲ್ಲಿ ಉಸಿರು ಬಿಟ್ಟಿರಬಹುದು ಅಂತ ನಿಮಗೆ ಗೊತ್ತಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಕೇಳಿ ವರದಿ ತಂದಿತ್ತು. ಯಾವುದಾದರೂ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದ ಮಕ್ಕಳು ಅರ್ಧಕ್ಕಿಂತ ಹೆಚ್ಚು, ಶೇ 53. ಆಗ ಉತ್ತರ ಕೊಟ್ಟ ಹುಡುಗಿಯರಲ್ಲಿ ಎಷ್ಟೋ ಜನ ಇವತ್ತು ಯಾರದೋ ಮನೆಯ ಸೊಸೆ. "ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತೆ" ಅಂತ ಅವರನ್ನು ಕಳಿಸಿದವರಿಗೆ ನನ್ನದೊಂದು ಪ್ರಶ್ನೆ: ಏನು ಸರಿಹೋಗುತ್ತೆ, ಹೇಗೆ ಸರಿಹೋಗುತ್ತೆ?

ಕೆರೆಏರಿ:
ನಾನು ಗಂಡಸು. ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಕೇಳುತ್ತೇನೆ. ನನ್ನ ಹೆಂಡತಿ ಇಂಥದ್ದೇ ಮನೆಯಿಂದ ಬಂದವಳು. ಒಂದು ನೈಟಿ ತೆಗೆದುಕೊಳ್ಳಲೂ "ತಗೊಳ್ಳಲಾ?" ಅಂತ ಕೇಳುತ್ತಾಳೆ. ಹೋದ ವರ್ಷ ಸಾಸಿವೆ ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ದುಡ್ಡು ಸಿಕ್ಕಿತು. ಕೇಳಿದೆ. ಅತ್ತುಬಿಟ್ಟಳು. "ಯಾವತ್ತಾದರೂ ಹೊರಗೆ ಹೋಗಬೇಕಾದರೆ ಬಸ್ಸಿಗೆ" ಅಂದಳು. ಅವಳ ಅಮ್ಮ ಒಂದು ರಾತ್ರಿ ಬಸ್ಸಿಗೆ ದುಡ್ಡಿಲ್ಲದೆ ಸ್ಟ್ಯಾಂಡಿನಲ್ಲೇ ಕೂತಿದ್ದರಂತೆ, ಮಕ್ಕಳ ಸಮೇತ. ನಾನು ಏನು ಮಾಡಿದರೆ ಅವಳಿಗೆ ಧೈರ್ಯ ಬರುತ್ತದೆ?

ಕೌದಿ:
ಕೆರೆಏರಿ ಅಣ್ಣಾ, ಖಂಡಿತ ಬರೆಯಬಹುದು. ಗಂಡಸರು ಇದನ್ನು ಕೇಳುವುದೇ ಅಪರೂಪ.

ಮೊದಲು ಆ ಡಬ್ಬಿಯ ದುಡ್ಡನ್ನು ಅಲ್ಲೇ ಬಿಡಿ. ಅದನ್ನು ನಿಮ್ಮ ಮೇಲಿನ ಅಪನಂಬಿಕೆ ಅಂತ ತೆಗೆದುಕೊಳ್ಳಬೇಡಿ. ಅವಳ ಹೆಸರಲ್ಲಿ ಒಂದು ಖಾತೆ ಇರಲಿ, ಎಟಿಎಂ ಕಾರ್ಡು ಅವಳ ಕೈಯಲ್ಲಿರಲಿ, ಲೆಕ್ಕ ಕೇಳಬೇಡಿ. ಜಗಳವಾದಾಗ ಬಾಗಿಲಿಗೆ ಅಡ್ಡ ನಿಂತು ಮಾತಾಡಬೇಡಿ. ಮಣಿಕಟ್ಟು ಹಿಡಿದು ನಿಲ್ಲಿಸಬೇಡಿ, ಪ್ರೀತಿಯಿಂದಲೂ ಬೇಡ. ನಿಮಗೆ ಸಿಟ್ಟು ಬಂದಿದ್ದರೆ "ನನಗೆ ಸಿಟ್ಟು ಬಂದಿದೆ, ಹೊರಗೆ ಹೋಗಿ ಹತ್ತು ನಿಮಿಷದಲ್ಲಿ ಬರ್ತೀನಿ" ಅಂತ ಹೇಳಿಯೇ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಮಾತಿಲ್ಲದೆ ಮುಖ ಗಂಟುಹಾಕಿ ಕೂರುವುದು ಇಂಥವರಿಗೆ ಬೈಗುಳಕ್ಕಿಂತ ಕಷ್ಟ. ಮುಂದೇನು ಅಂತ ಕಾಯುವುದೇ ಅವರ ಬಾಲ್ಯವಾಗಿತ್ತು.

ಅವಳು ನಿಮ್ಮ ಮಾತಿಗೆ "ಇಲ್ಲ" ಅಂದ ದಿನ, ಆ ಇಲ್ಲಕ್ಕೆ ಒಪ್ಪಿಕೊಳ್ಳಿ. ವಿಷಯ ಸಣ್ಣದಿದ್ದರೂ ಸರಿ. ಇಲ್ಲ ಅಂದರೂ ಏನೂ ಆಗಲಿಲ್ಲ ಅನ್ನುವುದು ಮತ್ತೆ ಮತ್ತೆ ಕಂಡಾಗ ಮಾತ್ರ ಮೈಗೆ ನಂಬಿಕೆ ಬರುತ್ತದೆ. ಹಳೆಯದನ್ನೆಲ್ಲ ಹೇಳು ಅಂತ ಒತ್ತಾಯ ಬೇಡ. ಹೇಳಬೇಕು ಅನಿಸಿದಾಗ ಹೇಳುತ್ತಾಳೆ. ನಿದ್ದೆ ಇಲ್ಲ, ಕೆಟ್ಟ ಕನಸು, ಬದುಕೇ ಬೇಡ ಅನ್ನುವ ಮಾತು ಇದ್ದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ರಾಗಿಹೊಲ:
ಒಂದು ಮಾತು ಉಳಿದಿದೆ. ಹೆಂಗಸರೂ ಮಕ್ಕಳಿಗೆ ಹೊಡೆಯುತ್ತಾರೆ. ಅದನ್ನು ಯಾಕೆ ಯಾರೂ ಬರೆಯುತ್ತಿಲ್ಲ?

ಕೌದಿ:
ಬರೆಯಬೇಕು, ಸರಿಯಾದ ಪ್ರಶ್ನೆ. ಹೊಡೆಸಿಕೊಂಡ ತಾಯಿ ಸೌಟಿನಿಂದ ಮಗುವಿಗೆ ಹೊಡೆಯುವುದನ್ನು ನಾವು ದಿನಾ ಕೇಳುತ್ತೇವೆ. ಎಷ್ಟೋ ಸಲ ಗಂಡನಿಗೆ ಸಿಟ್ಟು ಬಾರದಿರಲಿ ಅಂತ ಮಕ್ಕಳನ್ನು ಹೊಡೆದು ಸುಮ್ಮನಿರಿಸುತ್ತಾರೆ. "ಅವರು ಬಂದು ಹೊಡೆದರೆ ಇದಕ್ಕಿಂತ ಜೋರು, ಅದಕ್ಕೆ ನಾನೇ ಎರಡು ಕೊಟ್ಟೆ" ಅಂತ ಒಬ್ಬ ತಾಯಿ ನನ್ನ ಹತ್ತಿರ ಹೇಳಿದ್ದರು. ಮಗುವಿಗೆ ಎರಡೂ ಹೊಡೆತವೇ. ತಾಯಂದಿರಿಗೆ ಇದನ್ನು ಬೈದು ಹೇಳಿದರೆ ಇನ್ನೂ ಮುದುಡುತ್ತಾರೆ. ಮನೆಯಲ್ಲಿ ಅವರಿಗೆ ಹೊಡೆತ ನಿಂತರೆ ಮಕ್ಕಳಿಗೆ ಬೀಳುವುದೂ ಬಹಳ ಸಲ ತಾನಾಗಿ ಕಡಿಮೆಯಾಗುವುದನ್ನು ನೋಡಿದ್ದೇನೆ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ಕೌದಿ ಅಕ್ಕ ಬರೆದ ತವರಿನ ಮಾತು ನನ್ನನ್ನು ಬಿಡಲಿಲ್ಲ. ಅಕ್ಕ ಯಾಕೆ ಬಾಯಿ ಬಿಡುವುದಿಲ್ಲ ಅಂತ ಇಷ್ಟು ದಿನ ಯೋಚಿಸುತ್ತಿದ್ದೆ. ಬಾಯಿ ಬಿಟ್ಟು ಅವಳು ಹೋಗುವುದಾದರೂ ಎಲ್ಲಿಗೆ? ಅಪ್ಪನ ಮನೆಗಾ?

ನನ್ನ ಗಂಡನ ಜೊತೆ ಕೂತು ಮಾತಾಡಿದೆ. ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಒಂದು ರೂಮು ಅಕ್ಕನಿಗೂ ಮಗುವಿಗೂ ಅಂತ ತೀರ್ಮಾನ ಮಾಡಿದೆವು, ಅವಳು ಬರಲಿ ಬಿಡಲಿ. ನಿನ್ನೆ ಅವಳಿಗೆ ಹೇಳಿದೆ: "ಅಕ್ಕಾ, ನಿನಗೆ ಯಾವಾಗ ಬೇಕೋ ಆವಾಗ ಬಾ. ಕಾರಣ ಹೇಳಬೇಡ. ವಾಪಸ್ ಹೋಗು ಅಂತ ನಾನು ಹೇಳಲ್ಲ." ಅವಳು "ಅಪ್ಪನಷ್ಟು ಇಲ್ಲ" ಅನ್ನಲಿಲ್ಲ ಈ ಸಲ. "ಮಗುವಿನ ಶಾಲೆ?" ಅಂತ ಕೇಳಿದಳು. ಅವಳು ಯೋಚನೆ ಮಾಡುತ್ತಿದ್ದಾಳೆ ಅಂತ ನನಗೆ ಅನಿಸಿತು. ಕಾನೂನಿನಲ್ಲಿ ಏನೇನು ದಾರಿ ಇದೆ, ಈಗಲೇ ಏನು ತಯಾರಿ ಮಾಡಬೇಕು ಹೇಳಿ.

ಕೌದಿ:
ತುಂಬಾ ಒಳ್ಳೆಯ ಕೆಲಸ ಮಾಡಿದ್ದೀರಿ, ಇಬ್ಬರೂ. 2019-21ರ ಸಮೀಕ್ಷೆಯಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇ 14 ಮಾತ್ರ. ನಿಮ್ಮಕ್ಕ ಕೇಳುವ ಮೊದಲೇ ನೀವು ಕೊಟ್ಟಿದ್ದೀರಿ.

ಕಾನೂನು: 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತ ಮಾತ್ರ ಅಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದಿರುವುದು, ಲೈಂಗಿಕ ಬಲವಂತ ಎಲ್ಲವೂ ಸೇರುತ್ತವೆ. ಪೊಲೀಸ್ ಕೇಸು ಹಾಕಿದರೆ ಮಾತ್ರ ಪರಿಹಾರ ಅಂತಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ, ಇದಕ್ಕೆ ಸಂರಕ್ಷಣಾಧಿಕಾರಿ. ಅವರ ಹತ್ತಿರ ಹೋದರೆ ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ಹೊಡೆಯಬಾರದು ಅನ್ನುವ ರಕ್ಷಣಾ ಆದೇಶ, ಗಂಡನ ಮನೆಯಲ್ಲೇ ವಾಸಿಸುವ ಹಕ್ಕು, ಜೀವನಾಂಶ, ಮಗುವಿನ ತಾತ್ಕಾಲಿಕ ಪಾಲನೆ, ಅವಳ ಒಡವೆ ವಾಪಸ್, ಇವೆಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ನಂಬರ್ 15100. ಮಹಿಳಾ ಸಹಾಯವಾಣಿ 181. ಇದೇ ಕಾಯ್ದೆಯಲ್ಲಿ ಮಗಳು ಅಪ್ಪನ ವಿರುದ್ಧವೂ ಹೋಗಬಹುದು, ಮದುವೆಯಾಗದ ಹುಡುಗಿಯರು ಇದನ್ನು ತಿಳಿದಿರಲಿ.

ತಯಾರಿ: ಅಕ್ಕನ ಮತ್ತು ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಆಸ್ಪತ್ರೆಗೆ ಹೋಗಿದ್ದರೆ ಅದರ ಚೀಟಿಗಳು. ಎಲ್ಲದರ ಒಂದು ಜೆರಾಕ್ಸ್ ನಿಮ್ಮ ಮನೆಯಲ್ಲಿರಲಿ. ಪೆಟ್ಟು ಬಿದ್ದ ದಿನ ಸರ್ಕಾರಿ ಆಸ್ಪತ್ರೆಯಲ್ಲಿ "ಬಿದ್ದೆ" ಅನ್ನದೆ, ಇದ್ದದ್ದನ್ನೇ ಹೇಳಿ ಬರೆಸಲಿ. ಮಗುವಿನ ವರ್ಗಾವಣೆ ಪತ್ರದ ಚಿಂತೆ ಬೇಡ, ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಅದು ಬರುವುದು ತಡವಾಯಿತು ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ.

ಇದನ್ನೆಲ್ಲ ವಾಟ್ಸಾಪಿನಲ್ಲಿ ಕಳಿಸಬೇಡಿ, ಭಾವ ಫೋನ್ ನೋಡಬಹುದು. ಅವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಾತಾಡಿ, ಇಲ್ಲವೇ ಮಗುವನ್ನು ನೋಡುವ ನೆಪದಲ್ಲಿ ನೀವೇ ಹೋಗಿ ಬನ್ನಿ. ನಿಮ್ಮ ತಾಲ್ಲೂಕು ಯಾವುದು ಅಂತ ನನಗೆ ಖಾಸಗಿಯಾಗಿ ಬರೆಯಿರಿ, ಅಲ್ಲಿ ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರ ಇದ್ದರೆ ಯಾರನ್ನು ಕಾಣಬೇಕು ಅಂತ ವಿಚಾರಿಸಿ ಹೇಳುತ್ತೇನೆ.